ಕುಂಬಾರ ಹುಳಕ್ಕೆ ಹೆದರಬೇಡಿ, ಕಾಗದದ ಗೂಡು ನೋಡಿಕೊಳ್ಳಿ

"ಇದು ಕಡಿಯುತ್ತದಾ?"

ಜಗಲಿಯ ಗೋಡೆಯಲ್ಲಿ, ಮೀಟರ್ ಬೋರ್ಡಿನ ಹಿಂದೆ, ದೇವರ ಪಟದ ಮರೆಯಲ್ಲಿ, ಕತ್ತಿ ಸಿಕ್ಕಿಸುವ ಗೂಟದ ಬುಡದಲ್ಲಿ ಮಣ್ಣಿನ ಗೂಡು ಕಂಡವರೆಲ್ಲ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಕಾಯುವವರು ಕಡಿಮೆ. ಅಷ್ಟರಲ್ಲಿ ಒಬ್ಬರು ಹಿಡಿಸೂಡಿ ತಂದಿರುತ್ತಾರೆ, ಇನ್ನೊಬ್ಬರು ಸೀಮೆಎಣ್ಣೆ ಚಿಂದಿ ಹುಡುಕುತ್ತಿರುತ್ತಾರೆ. ಅದೇ ಮನೆಯ ಹಿಂದಿನ ಬಾಳೆ ಹಿಂಡಿಲಿನಲ್ಲಿ, ಎಲೆಯ ಅಡಿಯಲ್ಲಿ, ಬೂದು ಬಣ್ಣದ ಕಾಗದದಂಥ ಗೂಡೊಂದು ಅಂಗೈಯಗಲ ಬೆಳೆದಿರುತ್ತದೆ. ಅದನ್ನು ಯಾರೂ ನೋಡಿರುವುದಿಲ್ಲ. ನಮ್ಮಲ್ಲಿ ಹೆದರಿಕೆ ಇಲ್ಲ ಎಂದಲ್ಲ, ಹೆದರಿಕೆಯ ವಿಳಾಸ ತಪ್ಪಿದೆ.

ಮಣ್ಣಿನಲ್ಲಿ ಗೂಡು ಕಟ್ಟುವ ಕಡಜಗಳಲ್ಲಿ ನಮ್ಮ ಮನೆ ಸುತ್ತ ಕಾಣುವುದು ಮುಖ್ಯವಾಗಿ ಮೂರು ತರದವು. ಮೊದಲನೆಯದು ಕಪ್ಪು ಮೈ, ಹಳದಿ ಕಾಲು, ನೂಲಿನಂಥ ಸೊಂಟದ್ದು. ಬಾವಿಕಟ್ಟೆಯ ಕೆಸರಿನಿಂದ ಉಂಡೆ ತಂದು, ಒಂದರ ಪಕ್ಕ ಒಂದರಂತೆ ಕೋಣೆ ಕಟ್ಟಿ, ಕೊನೆಗೆ ಮೇಲಿಂದ ಒಟ್ಟಾಗಿ ಮಣ್ಣು ಮೆತ್ತುತ್ತದೆ. ಗೋಡೆಗೆ ಯಾರೋ ಒಂದು ಹಿಡಿ ಕೆಸರು ಎಸೆದ ಹಾಗೆ ಕಾಣುವುದು ಇದರದ್ದೇ. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿ ಮದರಾಸು ಉಂಟು: ಸೆಲಿಫ್ರಾನ್ ಮದ್ರಾಸ್‌ಪಟಾನಂ. ಹೆಸರಿಟ್ಟದ್ದು 1781ರಲ್ಲಿ, ಫ್ಯಾಬ್ರಿಶಿಯಸ್ ಎಂಬವರು. ಎರಡನೆಯದು ನಿಜವಾದ ಕುಂಬಾರ. ಕುತ್ತಿಗೆ, ಬಾಯಿ ಎಲ್ಲ ಇರುವ ಪುಟ್ಟ ಮಡಕೆಯನ್ನೇ ಮಾಡುತ್ತದೆ, ಕೆಲವೊಮ್ಮೆ ಗಿಡದ ಕಡ್ಡಿಯಲ್ಲಿ, ಕೆಲವೊಮ್ಮೆ ಗೋಡೆಯಲ್ಲಿ. ಮೂರನೆಯವು ಗೂಡು ಕಟ್ಟುವ ಬದಲು ಸಿಕ್ಕಿದ ತೂತಿಗೆ ಮಣ್ಣು ತುಂಬುವವು. ಬೀಗದ ಕಣ್ಣು, ಬಿದಿರಿನ ತುಂಡು, ಕಿಟಕಿಯ ಸ್ಕ್ರೂ ತೂತು, ಏನೂ ಆಗುತ್ತದೆ. ನೀಲಿ ಮಿಂಚುವ ಜಾತಿಯೊಂದುಂಟು, ಅದು ಬೇರೆಯವರು ಬಿಟ್ಟುಹೋದ ಹಳೆ ಗೂಡಿನಲ್ಲೇ ಸಂಸಾರ ಹೂಡುತ್ತದೆ.

ಇವುಗಳ ಒಳಗಿನ ವ್ಯವಹಾರ ನಮ್ಮ ಹಿರಿಯರಿಗೆ ಅರ್ಧ ಗೊತ್ತಿತ್ತು. ವಚನಗಳಲ್ಲಿ ಬರುವ ಕೀಡಿ ಮತ್ತು ಕುಂಡಲಿಗ ಇದೇ. ಹುಳು ಒಂದು ಕೀಡೆಯನ್ನು ತಂದು ಗೂಡಿನಲ್ಲಿಟ್ಟು, ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಅದನ್ನು ತನ್ನ ಹಾಗೆಯೇ ಮಾಡಿಕೊಳ್ಳುತ್ತದೆ ಎಂಬ ನಂಬಿಕೆ. ಭ್ರಮರಕೀಟ ನ್ಯಾಯ ಎಂದು ಸಂಸ್ಕೃತದವರೂ ಹೇಳಿದರು. ಒಳಗೆ ಹೋದದ್ದು ಕೀಡೆ, ಹೊರಗೆ ಬಂದದ್ದು ಕಡಜ. ನೋಡಿದವರಿಗೆ ಬೇರೆ ಏನು ಅನಿಸೀತು? ನಿಜ ಸಂಗತಿ ಸ್ವಲ್ಪ ಕಠೋರ. ತಾಯಿ ಹುಳ ಕೀಡೆಗೆ ಚುಚ್ಚುತ್ತದೆ, ಆದರೆ ಕೊಲ್ಲುವುದಿಲ್ಲ. ಕೈಕಾಲು ಆಡದ ಹಾಗೆ ಮಾಡಿ ಕೋಣೆಯಲ್ಲಿ ತುಂಬಿ, ಮೊಟ್ಟೆ ಇಟ್ಟು, ಬಾಯಿ ಮುಚ್ಚುತ್ತದೆ. ಜೀವ ಇರುವ ಕಾರಣ ಆಹಾರ ಕೊಳೆಯುವುದಿಲ್ಲ. ಮರಿ ಅದನ್ನು ತಿಂದು, ಕೋಶ ಕಟ್ಟಿ, ಕಡಜವಾಗಿ ಗೋಡೆ ಕೊರೆದು ಹೊರಬರುತ್ತದೆ. ಮಡಕೆ ಮಾಡುವ ಜಾತಿ ಮೊಟ್ಟೆಯನ್ನು ಒಳಗಿನ ಮಾಡಿನಿಂದ ಒಂದು ಎಳೆಯಲ್ಲಿ ನೇತಾಡಿಸುತ್ತದೆ.

ನಾನು ಒಮ್ಮೆ ಕೊಟ್ಟಿಗೆಯ ಪಕ್ಕಾಸಿನಿಂದ ಬಿದ್ದ ಗೂಡನ್ನು ಒಡೆದು ಎಣಿಸಿದ್ದೆ. ಕಪ್ಪು-ಹಳದಿಯದ್ದರ ಒಂದು ಕೋಣೆಯಲ್ಲಿ 14 ಜೇಡ. ಮಡಕೆಯದ್ದರಲ್ಲಿ 9 ಹಸುರು ಕೀಡೆ, ಬಸಳೆ ಎಲೆ ತೂತು ಮಾಡುವಂಥವು. ಹಾಗಾಗಿ ಮಡಕೆ ಮಾಡುವವ ನಮಗೆ ಪುಕ್ಕಟೆ ಆಳು ಎನ್ನಬಹುದು. ಜೇಡ ಹಿಡಿಯುವವನ ಬಗ್ಗೆ ಹಾಗೆ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ, ಜೇಡವೂ ನಮ್ಮ ಪಕ್ಷದ್ದೇ ಅಲ್ಲವೇ?

ಈಗ ಪ್ರಶ್ನೆಗೆ ಬರುವ. ಕಡಿಯುತ್ತದಾ? ಮುಳ್ಳು ಉಂಟು, ಹೆಣ್ಣಿಗೆ ಮಾತ್ರ. ಮೊಟ್ಟೆ ಇಡುವ ಅಂಗವೇ ಮುಳ್ಳಾಗಿ ಬದಲಾದದ್ದು, ಹಾಗಾಗಿ ಗಂಡಿಗೆ ಅದು ಇರಲು ಸಾಧ್ಯವೇ ಇಲ್ಲ. ಆ ಮುಳ್ಳು ಇರುವುದು ಬೇಟೆಗೆ, ಕಾವಲಿಗೆ ಅಲ್ಲ. ಗೂಡಿಗೆ ಒಂದು ಗೇಣು ದೂರದಲ್ಲಿ ಮೂಗಿಟ್ಟು ನಾನು ಗಂಟೆಗಟ್ಟಲೆ ನೋಡಿದ್ದೇನೆ. ಕಟ್ಟುತ್ತಿರುವ ಗೂಡನ್ನು ಕಡ್ಡಿಯಲ್ಲಿ ಕೆರೆದರೂ ಹುಳ ಒಂದು ಸುತ್ತು ಹಾರಿ ಹೋಗುತ್ತದೆ, ಅಷ್ಟೆ. ಮೈಮೇಲೆ ಬಂದದ್ದಿಲ್ಲ. ಕಾರಣವನ್ನು ನಾವೇ ಯೋಚಿಸಬಹುದು. ಒಂಟಿ ತಾಯಿ, ಸಹಾಯಕ್ಕೆ ಯಾರೂ ಇಲ್ಲ. ಜಗಳಕ್ಕೆ ನಿಂತು ಸತ್ತರೆ ಅವಳ ಸಂಸಾರ ಅಲ್ಲಿಗೇ ಮುಗಿಯಿತು. ಓಡಿ ಹೋದರೆ ಇನ್ನೊಂದು ಗೂಡು ಕಟ್ಟಬಹುದು.

ಹಾಗಾದರೆ ಕಡಿಸಿಕೊಂಡೆ ಎನ್ನುವವರು ಸುಳ್ಳು ಹೇಳುವುದಾ? ಅಲ್ಲ. ಹಗ್ಗದಲ್ಲಿ ನೇತು ಹಾಕಿದ ಅಂಗಿಯ ಮಡಿಕೆಯಲ್ಲಿ, ಬೈರಾಸಿನಲ್ಲಿ, ಗಂಬೂಟಿನ ಒಳಗೆ ಹುಳ ಇದ್ದು, ನೋಡದೆ ಹಾಕಿಕೊಂಡರೆ, ಹಿಸುಕಿದ್ದಕ್ಕೆ ಚುಚ್ಚುತ್ತದೆ. ಮುಷ್ಟಿಯಲ್ಲಿ ಹಿಡಿದರೂ ಅಷ್ಟೆ. ಸಾಮಾನ್ಯವಾಗಿ ನೋವು ಸ್ವಲ್ಪ ಹೊತ್ತಿನದ್ದು. ಬಟ್ಟೆ ಕೊಡವಿ ಹಾಕುವ ಅಭ್ಯಾಸ ಇದ್ದರೆ ಆ ಕಥೆಯೂ ಇಲ್ಲ.

ಇವುಗಳಿಂದ ನಮಗೆ ನಿಜವಾದ ತೊಂದರೆ ಕಡಿತದ್ದಲ್ಲ, ಕಟ್ಟುವುದರದ್ದು. ಬೇಸಗೆ ಮುಗಿದು ಬಿಚ್ಚಿಟ್ಟ ಜೆಟ್, ಗೋಡೆಗೆ ಒರಗಿಸಿದ ಸ್ಪ್ರೇಯರ್ ಗನ್, ಟಿಲ್ಲರಿನ ಹೊಗೆ ಕೊಳವೆ, ಪಂಪ್ ಶೆಡ್ಡಿನ ಸ್ಟಾರ್ಟರ್ ಪೆಟ್ಟಿಗೆ, ಎಲ್ಲಕ್ಕೂ ಮಣ್ಣು. ಬೋರ್ಡೋ ಬಿಡುವ ದಿನ ಬೆಳಿಗ್ಗೆ ಗನ್ ಬಾಯಿ ಕಟ್ಟಿದ್ದು ಗೊತ್ತಾದರೆ ಅರ್ಧ ದಿನ ಹೋಯಿತು. ಹಳೆ ಬಟ್ಟೆಯೋ ಪ್ಲಾಸ್ಟಿಕ್ಕೋ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟರೆ ಸಾಕು. ಇದು ಸಣ್ಣ ವಿಷಯ ಅನಿಸುವವರಿಗೆ ಒಂದು ದೊಡ್ಡ ಉದಾಹರಣೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವೇಗ ಅಳೆಯುವ ನಳಿಗೆಗೆ ಮುಚ್ಚಳ ಹಾಕದೆ ವಿಮಾನವನ್ನು ಹಲವು ದಿನ ನಿಲ್ಲಿಸಿದ್ದರು. ನಳಿಗೆ ಸಮುದ್ರದಿಂದ ಸಿಗಲಿಲ್ಲ, ಆದರೆ ಅದನ್ನು ಕಟ್ಟಿದ್ದು ಮಣ್ಣಿನ ಗೂಡಿನ ಕಡಜವೇ ಇರಬೇಕೆಂಬುದು ಬಲವಾದ ಅನುಮಾನ. ತಪ್ಪು ವೇಗ ನೋಡಿ ಚಾಲಕರು ಗೊಂದಲಕ್ಕೆ ಬಿದ್ದರು.

ಇನ್ನು ಕಾಗದದ ಗೂಡು. ಮರದ ನಾರನ್ನು ಜಗಿದು ಎಂಜಲಿನಲ್ಲಿ ಕಲಸಿ ಕಟ್ಟುವುದು. ಮುಟ್ಟಿದರೆ ದಪ್ಪ ಕಾಗದದ ಹಾಗೆಯೇ. ಇವು ಒಟ್ಟು ಕುಟುಂಬದವು. ರಾಣಿ, ಕೆಲಸಗಾರರು, ತೊಟ್ಟಿಲು ತುಂಬ ಮರಿಗಳು. ಕಾಯಲಿಕ್ಕೆ ಆಸ್ತಿ ಉಂಟು, ಕಾಯುವವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಂಥದೇ ಒಂದು ಸಾಮಾನ್ಯ ಕಂದು ಕಡಜವನ್ನು. ಅದಕ್ಕಿಂತ ದೊಡ್ಡದು, ಹೊಟ್ಟೆಗೆ ಅಗಲ ಹಳದಿ ಪಟ್ಟಿ ಇರುವ ಕಡಜ. ಮರದಲ್ಲಿ ಕೊಡಪಾನದಷ್ಟು, ಅದಕ್ಕೂ ದೊಡ್ಡ ಮುಚ್ಚಿದ ಗೂಡು ಕಟ್ಟುತ್ತದೆ. ಕೆಲವು ಜಾತಿ ನೆಲದ ಪೊಟರೆಯಲ್ಲೂ ಕಟ್ಟುವುದುಂಟು. ಅಡಿಕೆ ತೋಟದಲ್ಲಿ ಇವು ಸಿಗುವ ಜಾಗ ನಮಗೆ ಗೊತ್ತಿರಬೇಕು: ಕಾಳುಮೆಣಸಿನ ಬಳ್ಳಿಯ ಒಳಗೆ, ಸೋಗೆಯ ಅಡಿ, ಬಾಳೆ ಎಲೆಯ ಅಡಿ, ಬೇಲಿ ಗಿಡದ ನಡು, ಬಹಳ ದಿನದಿಂದ ಕಾಲಿಡದ ಗುಡ್ಡದ ಪೊದೆ. ಹುಲ್ಲು ಕತ್ತರಿಸುವ ಯಂತ್ರ ಬಂದ ಮೇಲೆ ಇನ್ನೊಂದು ತಾಪತ್ರಯ. ಸದ್ದಿಗೂ ಅದುರುವಿಕೆಗೂ ಗೂಡು ಏಳುತ್ತದೆ, ಕಿವಿಗೆ ಯಂತ್ರದ ಶಬ್ದ ಬಿಟ್ಟು ಬೇರೇನೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಮೆಣಸು ಕೊಯ್ಯುತ್ತಿದ್ದವನಿಗೆ ಏಣಿಯ ಮೇಲೆ ಎರಡು ಕಡಜ ಹೊಡೆದವು. ಎರಡೇ. ಒಂದು ಕಿವಿಯ ಹಿಂದೆ, ಒಂದು ಮಣಿಗಂಟಿಗೆ. ಅವನು ಸಾವಕಾಶ ಇಳಿದು ಬಂದು ಸುಣ್ಣ ಕೇಳಿದ. ಐದು ನಿಮಿಷ ಕಳೆದಿರಲಿಲ್ಲ, ಅಂಗೈ ತುರಿಸುತ್ತದೆ ಅಂದ. ನನ್ನ ಹೆಂಡತಿ ಅವನ ಹೊಟ್ಟೆ ನೋಡಿ, "ಇಲ್ಲಿ ಕಡಿಯಲೇ ಇಲ್ಲವಲ್ಲ, ಇಲ್ಲಿ ಯಾಕೆ ದಡಿಕೆ?" ಎಂದು ಕೇಳಿದಳು. ಆಗ ಅವನ ಸ್ವರ ಬದಲಾಗಿತ್ತು. "ಅಣ್ಣ, ಗಂಟಲು ಕಟ್ಟಿದ ಹಾಗೆ ಆಗ್ತಾ ಉಂಟು."

ಸುಣ್ಣ ಅಲ್ಲಿಗೇ ಬಿಟ್ಟು ಜೀಪಿಗೆ ಹಾಕಿದೆವು. ಆಸ್ಪತ್ರೆಯಲ್ಲಿ ಡಾಕ್ಟ್ರು ಪ್ರಶ್ನೆ ಕೇಳುತ್ತಲೇ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಹತ್ತು ನಿಮಿಷದಲ್ಲಿ ಅವನ ಸ್ವರ ವಾಪಾಸು ಬಂತು. ಆದರೂ ಸಂಜೆಯವರೆಗೆ ಮನೆಗೆ ಬಿಡಲಿಲ್ಲ. ಒಮ್ಮೆ ಇಳಿದದ್ದು ಕೆಲವು ಗಂಟೆ ಕಳೆದು ತಿರುಗಿ ಏರುವುದುಂಟು ಎಂದರು. ಕೇಳುತ್ತ ಹೋದಾಗ ಗೊತ್ತಾಯಿತು, ಹಿಂದಿನ ವರ್ಷ ಇನ್ನೊಬ್ಬರ ತೋಟದಲ್ಲಿ ಕಡಜ ಹೊಡೆದಾಗಲೂ ಮೈಯೆಲ್ಲ ದಡಿಕೆ ಎದ್ದಿತ್ತಂತೆ. ತಾನಾಗಿ ಇಳಿಯಿತು, ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಆ ಇಂಜೆಕ್ಷನ್ನಿನ ಹೆಸರು ಅಡ್ರಿನಲಿನ್. ದುಬಾರಿ ಮದ್ದಲ್ಲ, ಹೊಸತೂ ಅಲ್ಲ. ಕಡಿತದಿಂದ ಮೈಯೆಲ್ಲ ಅಲರ್ಜಿ ಏರಿದಾಗ ಜೀವ ಉಳಿಸುವುದು ಅದೇ. ತುರಿಕೆಯ ಮಾತ್ರೆ, ಅಂದರೆ ಸೆಟ್ರಿಜಿನ್‌ನಂಥದ್ದು, ದಡಿಕೆ ತುರಿಕೆಗೆ ಒಳ್ಳೆಯದು. ಕಟ್ಟುತ್ತಿರುವ ಗಂಟಲನ್ನು, ಇಳಿಯುತ್ತಿರುವ ರಕ್ತದೊತ್ತಡವನ್ನು ಅದು ನಿಲ್ಲಿಸುವುದಿಲ್ಲ. "ಮಾತ್ರೆ ಕೊಟ್ಟಿದ್ದೇವೆ, ಅರ್ಧ ಗಂಟೆ ನೋಡುವ" ಎಂದು ಕುಳಿತುಕೊಳ್ಳುವ ಆ ಅರ್ಧ ಗಂಟೆಯೇ ಪ್ರಾಣ ತೆಗೆಯುವಂಥದ್ದು. ಇಂಥ ಸಾವುಗಳು ಹೆಚ್ಚಾಗಿ ಕಡಿದ ಮೊದಲ ಗಂಟೆಯೊಳಗೆ ಆಗುತ್ತವೆ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಡಾಕ್ಟರಲ್ಲೋ ಇದು ಇದೆಯಾ, ಭಾನುವಾರ ಯಾರಿರುತ್ತಾರೆ ಎಂದು ಕೊಯ್ಲು ಸುರುವಾಗುವ ಮೊದಲೇ ಕೇಳಿಟ್ಟುಕೊಳ್ಳಿ.

ಯಾವುದನ್ನು ನೋಡಿ ಓಡಬೇಕು? ಕಡಿದ ಜಾಗ ಬಿಟ್ಟು ಬೇರೆ ಕಡೆ ದಡಿಕೆ, ತುಟಿ ನಾಲಗೆ ಕಣ್ಣುರೆಪ್ಪೆ ಊದುವುದು, ಸ್ವರ ಒಡೆಯುವುದು, ಉಸಿರಿಗೆ ಕಷ್ಟ, ಏದುಸಿರಿನ ಸದ್ದು, ವಾಂತಿ, ಹೊಟ್ಟೆ ಹಿಂಡುವುದು, ತಲೆ ತಿರುಗಿ ಕಣ್ಣು ಕತ್ತಲೆ ಬರುವುದು. ಒಂದು ಕಂಡರೂ ಹೊರಡಿ. ವಾಹನ ಇಲ್ಲದಿದ್ದರೆ 108. ಅಲ್ಲಿಯವರೆಗೆ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಉಸಿರಾಟವೇ ಕಷ್ಟವಾದರೆ ಒರಗಿ ಕೂರಲಿ. ನಡೆಸಬಾರದು, ಏಳಿಸಿ ನಿಲ್ಲಿಸಬಾರದು. ವಾಂತಿ ಇದ್ದರೆ ಮಗ್ಗುಲಿಗೆ ತಿರುಗಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹೊಯ್ಯಬೇಡಿ. ಬಿಪಿ ಅಥವಾ ಹೃದಯದ ಮಾತ್ರೆ ತಿನ್ನುವವರಾದರೆ ಚೀಟಿ ಜೊತೆಗೆ ಒಯ್ಯಿರಿ. ಅವುಗಳಲ್ಲಿ ಕೆಲವು ಅಡ್ರಿನಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಡಾಕ್ಟರಿಗೆ ಗೊತ್ತಿರಬೇಕು.

ಹೆಚ್ಚಿನವರಿಗೆ ಹೀಗೇನೂ ಆಗುವುದಿಲ್ಲ. ಉರಿ, ಬಾವು, ಎರಡು ದಿನ ತುರಿಕೆ, ಮುಗಿಯಿತು. ಅದಕ್ಕೆ ಮಾಡುವುದೂ ಸರಳ. ಮೊದಲು ಜಾಗ ಬಿಟ್ಟು ದೂರ ಹೋಗಬೇಕು. ಜೇನು ಹೊಡೆದದ್ದಾದರೆ ಮುಳ್ಳು ಚರ್ಮದಲ್ಲೇ ಉಳಿದಿರುತ್ತದೆ. ಅದರ ಬುಡದಲ್ಲಿ ಪುಟ್ಟ ವಿಷದ ಚೀಲ ಇದ್ದು, ಹುಳ ಹೋದ ಮೇಲೂ ಒತ್ತುತ್ತ ಇರುತ್ತದೆ. ಉಗುರಿನಲ್ಲಿ ಕೀಳಬಾರದು, ಬ್ಲೇಡಿನಲ್ಲಿ ಹೆರೆಯಬೇಕು ಎಂದು ಹಿಂದೆ ಹೇಳುತ್ತಿದ್ದರು. 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಹೇಗೆ ತೆಗೆದರೂ ನಡೆಯುತ್ತದೆ, ಬೇಗ ತೆಗೆಯುವುದೇ ಮುಖ್ಯ ಎಂದು ತೋರಿಸಿತು. ಬ್ಲೇಡು ಹುಡುಕುವಷ್ಟರಲ್ಲಿ ವಿಷ ಒಳಗೆ ಹೋಗಿ ಆಗಿರುತ್ತದೆ. ಕಡಜ ಸಾಮಾನ್ಯವಾಗಿ ಮುಳ್ಳು ಬಿಟ್ಟು ಹೋಗುವುದಿಲ್ಲ, ಅದಕ್ಕೇ ಒಂದೇ ಹುಳ ನಾಲ್ಕು ಸಲ ಹೊಡೆಯಬಲ್ಲದು.

ಆಮೇಲೆ ಸೋಪು ಹಾಕಿ ತೊಳೆದು ತಣ್ಣೀರಿನ ಬಟ್ಟೆ ಇಡಿ. ಫ್ರಿಜ್ ಇರುವವರು ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಬೆರಳಿಗೆ ಕಡಿದರೆ ಉಂಗುರ ಕೂಡಲೇ ತೆಗೆಯಿರಿ, ಬಾವು ಬಂದ ಮೇಲೆ ಬರುವುದಿಲ್ಲ, ಕತ್ತರಿಸಬೇಕಾದೀತು. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಎರಡನೇ ದಿನ ಬಾವು ಮೊದಲ ದಿನಕ್ಕಿಂತ ಹೆಚ್ಚಾದರೆ ಗಾಬರಿ ಬೇಡ, ಅದರ ಕ್ರಮವೇ ಹಾಗೆ. ನಾಲ್ಕನೇ ದಿನವೂ ಬಿಸಿ, ಕೆಂಪು ಏರುತ್ತಿದ್ದು ಕೀವು, ಜ್ವರ ಇದ್ದರೆ ತೋರಿಸಿ. ಬಾಯಿಯೊಳಗೆ ಅಥವಾ ಕಣ್ಣಿಗೆ ಕಡಿದದ್ದಾದರೆ ಒಂದೇ ಕಡಿತವಾದರೂ ಆಸ್ಪತ್ರೆಗೆ ಹೋಗಲೇಬೇಕು.

ಮನೆಮದ್ದಿನ ವಿಷಯಕ್ಕೆ ಬಂದರೆ ಜಗಳ ಸುರು. ಸುಣ್ಣ, ಈರುಳ್ಳಿ, ಅರಸಿನ, ಹುಣಸೆಹುಳಿ, ಕತ್ತಿಯ ಕಬ್ಬಿಣ ತಿಕ್ಕುವುದು, ಒಂದೊಂದು ಮನೆಯಲ್ಲಿ ಒಂದೊಂದು. ಜೇನಿಗೆ ಸುಣ್ಣ, ಕಡಜಕ್ಕೆ ಹುಳಿ ಎಂದು ಲೆಕ್ಕ ಹಾಕಿ ಹೇಳುವವರೂ ಇದ್ದಾರೆ. ವಿಷ ಚರ್ಮದ ಒಳಗೆ ಹೋಗಿರುತ್ತದೆ, ಮೇಲೆ ಹಚ್ಚಿದ್ದು ಅಲ್ಲಿಗೆ ತಲಪುವುದಿಲ್ಲ. ಈರುಳ್ಳಿಯೋ ಅರಸಿನವೋ ಹಚ್ಚಿ ಸಮಾಧಾನ ಆಗುವುದಾದರೆ ನನ್ನ ತಕರಾರಿಲ್ಲ. ಸುಣ್ಣ ಮಾತ್ರ ಬೇಡ, ಕೆರೆದ ಚರ್ಮವನ್ನು ಸುಡುತ್ತದೆ, ಕಣ್ಣಿನ ಹತ್ತಿರವಾದರೆ ಕಣ್ಣಿಗೇ ಕುತ್ತು. ಕುಂಬಾರ ಹುಳದ ಗೂಡಿನ ಮಣ್ಣನ್ನೇ ಅರೆದು ಬಾವಿಗೆ ಹಚ್ಚುವ ಕ್ರಮವೂ ನಮ್ಮ ಹಿರಿಯರಲ್ಲಿತ್ತು. ಕೆರೆದು ಗಾಯವಾದ ಜಾಗಕ್ಕೆ ಮಣ್ಣು ಹಚ್ಚುವುದೆಂದರೆ ಧನುರ್ವಾಯುವನ್ನು ಕರೆದ ಹಾಗೆ. ಯಾವ ಮದ್ದಾದರೂ ಸರಿ, ಅದನ್ನು ಹುಡುಕಿ ಅರೆಯಲಿಕ್ಕೆ ಹೋದ ಸಮಯ ಮೇಲೆ ಹೇಳಿದ ಲಕ್ಷಣ ನೋಡುವ ಸಮಯ ಆಗಿರಬಾರದು.

ಹೆಜ್ಜೇನು, ದೊಡ್ಡ ಕಡಜ ಹಿಂಡಾಗಿ ಬಿದ್ದರೆ ಲೆಕ್ಕವೇ ಬೇರೆ. ಇಲ್ಲಿ ಅಲರ್ಜಿ ಇಲ್ಲದವನಿಗೂ ವಿಷದ ಪ್ರಮಾಣವೇ ಮಾರಕ. ಜೇನಿನ ಮುಳ್ಳು ಬಿದ್ದ ಜಾಗದಿಂದ ಕಳಿತ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಅದು ಉಳಿದ ಹುಳಗಳಿಗೆ ಕರೆ. ನಿಂತು ಕೈ ಬೀಸಿದಷ್ಟೂ ಹೆಚ್ಚು. ಮುಖ ಮುಚ್ಚಿಕೊಂಡು ಓಡಿ ಮನೆಯನ್ನೋ ವಾಹನವನ್ನೋ ಹೊಕ್ಕು ಬಾಗಿಲು ಹಾಕಬೇಕು. ಕೆರೆಗೆ ಹಾರಿದರೆ ತಲೆ ಎತ್ತುವುದನ್ನೇ ಅವು ಮೇಲೆ ಕಾಯುತ್ತವೆ. ಹತ್ತಾರು ಕಡಿತವಾದವರು ಚೆನ್ನಾಗಿ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಬೇಕು. ರಕ್ತಕಣ, ಸ್ನಾಯು ಒಡೆದು ಮೂತ್ರಪಿಂಡ ಕಟ್ಟುವುದು ಒಂದೆರಡು ದಿನ ಕಳೆದು ಗೊತ್ತಾಗುತ್ತದೆ. ಮೂತ್ರ ಕಟ್ಟಂಚಾಯದ ಬಣ್ಣಕ್ಕೆ ಬಂದರೆ, ಅಥವಾ ಕಡಿಮೆಯಾದರೆ, ಒಂದು ಗಳಿಗೆಯೂ ತಡ ಮಾಡಬಾರದು.

ಚೇಳು ಕೀಟದ ಸಾಲಿಗೆ ಸೇರಿದ್ದಲ್ಲ, ಆದರೂ ಸೋಗೆ ಅಟ್ಟಿಯಲ್ಲಿ ಕೈ ಹಾಕುವವರಿಗೆ ಒಂದು ಮಾತು. ಕೆಂಪು ಚೇಳು ಕುಟುಕಿ ಬೆವರು ಹರಿದು, ವಾಂತಿ ಬಂದು, ಕೈಕಾಲು ತಣ್ಣಗಾದರೆ ಮಂತ್ರಕ್ಕೆ ನಿಲ್ಲಬೇಡಿ. ಮಹಾರಾಷ್ಟ್ರದ ಮಹಾಡಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಜೋಸಿನ್ ಎಂಬ ಮಾತ್ರೆಯಿಂದ ಕೊಂಕಣದ ಎಷ್ಟೋ ರೈತರ ಜೀವ ಉಳಿಸಿ ತೋರಿಸಿದ್ದಾರೆ. ಆ ಚಿಕಿತ್ಸೆ ಆಸ್ಪತ್ರೆಯಲ್ಲೇ ಆಗಬೇಕಾದ್ದು.

ನಮ್ಮ ತೋಟದಲ್ಲಿ ಈಗ ಕೆಲವು ಕ್ರಮ ಇಟ್ಟುಕೊಂಡಿದ್ದೇವೆ. ಏಣಿ ಇಡುವ ಮೊದಲು ಉದ್ದ ದೋಟಿಯಿಂದ ಬಳ್ಳಿಯನ್ನು ಅಲ್ಲಾಡಿಸಿ, ನಾಲ್ಕು ಮಾರು ದೂರ ನಿಂತು ನೋಡುವುದು. ಒಂದೆರಡು ಕಡಜ ಒಂದೇ ಜಾಗಕ್ಕೆ ಹೋಗಿ ಬಂದು ಮಾಡಿದರೆ ಅಲ್ಲಿ ಗೂಡುಂಟು. ಆ ಮರಕ್ಕೆ ಕೆಂಪು ಬಟ್ಟೆ ಕಟ್ಟುತ್ತೇವೆ. ಅಡಿಕೆ ಮರದ ತುದಿಯಲ್ಲಿ ಕಡಜ ಹೊಡೆದರೆ ವಿಷಕ್ಕಿಂತ ಮೊದಲು ಬೀಳುವುದೇ ಅಪಾಯ. ಹಾಗಾಗಿ ಸೊಂಟಕ್ಕೆ ಹಗ್ಗ ಇಲ್ಲದೆ ಹತ್ತುವುದು ಬೇಡ ಎಂದು ಹೇಳಿದ್ದೇವೆ. "ಅಭ್ಯಾಸ ಇಲ್ಲ" ಎಂದವರಿಗೂ ಒತ್ತಾಯ ಮಾಡಿದ್ದೇವೆ. ಹೊಸಬರು ಕೆಲಸಕ್ಕೆ ಬಂದರೆ ಹಿಂದೆ ಜೇನು, ಕಡಜ ಹೊಡೆದು ಮೈಯೆಲ್ಲ ದಡಿಕೆ ಎದ್ದದ್ದುಂಟಾ ಎಂದು ಮೊದಲೇ ಕೇಳುತ್ತೇವೆ. ಮೆಣಸು ಕೊಯ್ಯುತ್ತಿದ್ದ ಅವನಿಗೆ ಈಗ ಅಂಗಳದ ಕೆಲಸ.

ದಾರಿಗೆ ಅಡ್ಡ ಇರುವ ಸಣ್ಣ ಕಾಗದದ ಗೂಡಿಗೆ ಮುಸ್ಸಂಜೆ ಹೊತ್ತಿಗೆ, ಹುಳಗಳೆಲ್ಲ ಗೂಡಿಗೆ ಬಂದ ಮೇಲೆ, ದೂರದಿಂದ ಪಂಪಿನಲ್ಲಿ ಬಟ್ಟೆಸೋಪಿನ ನೀರು ಹೊಡೆದರೆ ಸಾಕು. ಮೈತುಂಬ ಬಟ್ಟೆ ಇರಲಿ. ದಾರಿಗೆ ಅಡ್ಡ ಇಲ್ಲದಿದ್ದರೆ ಅದನ್ನೂ ಬಿಡಿ, ಅವೂ ಕೀಡೆ ಹಿಡಿಯುವವೇ. ದೊಡ್ಡ ಕಡಜದ ಮುಚ್ಚಿದ ಗೂಡಿಗೆ ನಾವಾಗಿ ಕೈ ಹಾಕುವುದೇ ಬೇಡ. ಸೂಟೆ ಹಿಡಿದು ರಾತ್ರಿ ಮರ ಹತ್ತುವ ಸಾಹಸದಲ್ಲಿ ಬಿದ್ದವರು, ಸುಟ್ಟುಕೊಂಡವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಅಭ್ಯಾಸ ಇರುವವರನ್ನೇ ಕರೆಯಿರಿ.

ಮಣ್ಣಿನ ಗೂಡು ಗೋಡೆಯ ಚಂದ ಕೆಡಿಸುತ್ತದೆ ಎಂದಾದರೆ ಮೈಯಲ್ಲಿ ಉರುಟು ತೂತು ಇದೆಯಾ ನೋಡಿ. ತೂತು ಇದ್ದರೆ ಮರಿ ಎದ್ದು ಹೋಗಿ ಆಯಿತು, ಬಾಚಿಯಲ್ಲಿ ಕೆತ್ತಿ ತೆಗೆಯಿರಿ. ತೂತಿಲ್ಲದಿದ್ದರೆ ಒಂದೆರಡು ತಿಂಗಳು ತಡೆದರೆ ನಷ್ಟವೇನಿಲ್ಲ.